ವೇಲ್ಸ್‌ನ ಪಿಟೀಲು ಮಟ್ಟುಗಳು: ಶ್ರುತಿ, ತಾಳ, ಚರಿತ್ರೆ. ಕರ್ನಾಟಕ ಶೈಲಿಯ ಕೈಗೆ ಎಲ್ಲೆಲ್ಲಿ ತೊಡಕು?

ಕಾವೇರಿತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕರ್ನಾಟಕ ಶೈಲಿಯ ಪಿಟೀಲು ಅಭ್ಯಾಸವಿದೆ, ಶ್ರುತಿ 5 ಮನೆ. ಈಗ ಇರುವುದು ಕಾರ್ಡಿಫ್‌ನಲ್ಲಿ. ಇಲ್ಲಿನ ಟುಂಪಾಥ್ ಕುಣಿತಕ್ಕೆ ವೇಲ್ಸ್‌ನ ಹಳೆಯ ಮಟ್ಟುಗಳನ್ನು ನುಡಿಸಬೇಕು. ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ಶ್ರುತಿ. ಸ-ಪ-ಸ-ಪ ಇಂದ ಅವರ ಜಿ-ಡಿ-ಎ-ಇ ಗೆ ಅದೇ ವಾದ್ಯವನ್ನು ಏರಿಸಬಹುದೇ, ತಂತಿ ತಡೆಯುತ್ತದೆಯೇ? ಎರಡನೆಯದು ತಾಳ. ಜಿಗ್ ಎಂದು ಕೊಡುವುದರಲ್ಲೂ ಆರು ಅಕ್ಷರ, ಹಳೆಯ ಹಾರ್ನ್‌ಪೈಪ್ ಎಂದು ಕೊಡುವುದರಲ್ಲೂ ಆರು. ಎರಡಕ್ಕೂ ರೂಪಕ ಹಿಡಿದರೆ ಜಿಗ್‌ನಲ್ಲಿ ಕುಣಿಯುವವರ ಹೆಜ್ಜೆ ನನ್ನ ಕೈಗೆ ಸೇರುತ್ತಿಲ್ಲ. ಮೂರನೆಯದು ಚರಿತ್ರೆ. ಇದು ನಿಜಕ್ಕೂ ವೇಲ್ಸ್‌ನದ್ದೋ, ಐರ್ಲೆಂಡಿನದನ್ನೇ ಹೆಸರು ಬದಲಿಸಿ ನುಡಿಸುತ್ತಾರೋ? ಚಾಪೆಲ್‌ನವರು (ಮೆಥಡಿಸ್ಟ್ ಮುಂತಾದ ಕ್ರೈಸ್ತ ಪಂಥದವರು) ಪಿಟೀಲನ್ನು ಅಳಿಸಿಬಿಟ್ಟರು ಎನ್ನುವವರೂ ಇದ್ದಾರೆ, ಅದು ಎಲ್ಲೂ ಹೋಗಲೇ ಇಲ್ಲ ಎನ್ನುವವರೂ ಇದ್ದಾರೆ. ಬಲ್ಲವರು ತಿಳಿಸಿ.

ಬಿರಡೆಭಟ್ಟ:

ಶ್ರುತಿಯದು ನೀವು ಅಂದುಕೊಂಡಷ್ಟು ದೊಡ್ಡ ಕೆಲಸವಲ್ಲ. 5 ಮನೆ ಅಂದರೆ ನಿಮ್ಮ ತಂತಿಗಳು ಈಗಾಗಲೇ ಜಿ-ಡಿ-ಜಿ-ಡಿ. ದಪ್ಪ ತಂತಿ ಎರಡನ್ನೂ ಮುಟ್ಟಬೇಡಿ. ಮೇಲಿನ ಎರಡನ್ನು ಒಂದೊಂದು ಪೂರ್ಣ ಸ್ವರ ಏರಿಸಿದರೆ ಮುಗಿಯಿತು: ಸಾರಣಿಯ ಸ ಹೋಗಿ ಎ, ಪಂಚಮ ಹೋಗಿ ಇ.

ಆದರೆ ಒಂದು ಸ್ವರ ಏರಿದರೆ ತಂತಿಯ ಎಳೆತ ಸುಮಾರು 26% ಹೆಚ್ಚುತ್ತದೆ. ಎಳೆತ ಕಂಪನದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಹೀಗಾಗುತ್ತದೆ. ಕೆಳಶ್ರುತಿಗೆಂದು ದಪ್ಪ ತಂತಿ ಹಾಕಿಕೊಂಡಿದ್ದರೆ ತೆಗೆದುಬಿಡಿ, ಸಾಮಾನ್ಯ ಜಿ-ಡಿ-ಎ-ಇ ಸೆಟ್ ಹಾಕಿ. ಹಳೆಯ ಪಂಚಮದ ತಂತಿಯನ್ನು ಒಂದೇ ಏಟಿಗೆ ಇ ಗೆ ತಿರುಗಿಸಿದರೆ ಬಿರಡೆಯ ಹತ್ತಿರವೋ ಮೇಲಿನ ನಟ್ (ಬಿರಡೆಗೆ ಮುಂಚೆ ತಂತಿ ಹಾಯುವ ಪಟ್ಟಿ) ಹತ್ತಿರವೋ ತುಂಡಾಗುವುದೇ ಹೆಚ್ಚು. ಅರ್ಧ ಸ್ವರ ಏರಿಸಿ, ಎರಡು ನಿಮಿಷ ಬಿಡಿ, ಇನ್ನೊಂದು ತಂತಿಯನ್ನು ಅರ್ಧ ಏರಿಸಿ, ಮತ್ತೆ ಮೊದಲನೆಯದಕ್ಕೆ ಬನ್ನಿ. ತಂತಿ ಕೂರುವ ಕಚ್ಚುಗಳಿಗೆ ಪೆನ್ಸಿಲ್ ಸೀಸ ಉಜ್ಜಿ.

ಕುದುರೆಯನ್ನು, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡನ್ನು, ಮರೆಯಬೇಡಿ. ಬಿರಡೆ ತಿರುಗಿಸಿದ ಹಾಗೆಲ್ಲ ತಂತಿ ಕುದುರೆಯ ತಲೆಯನ್ನು ಬಿರಡೆಯ ಕಡೆಗೆ ಎಳೆದುಕೊಂಡು ಹೋಗುತ್ತದೆ. ಪಕ್ಕದಿಂದ ನೋಡಿದರೆ ಕುದುರೆಯ ಹಿಂಬದಿ ಹಲಗೆಗೆ ನೆಟ್ಟಗೆ ಲಂಬವಾಗಿರಬೇಕು. ವಾಲಿದ್ದರೆ ಎರಡು ಕೈಯ ಬೆರಳಿಂದ ತಲೆಯನ್ನು ಮೆಲ್ಲಗೆ ಹಿಂದಕ್ಕೆ ತನ್ನಿ. ವಾಲಿದ ಕುದುರೆ ಒಂದು ದಿನ ಸೊಟ್ಟಗಾಗುತ್ತದೆ, ಇನ್ನೊಂದು ದಿನ ಢಬ್ ಎಂದು ಬೀಳುತ್ತದೆ.

ನಮ್ಮವರು ಬಹಳ ಜನ ಗಮನಿಸದ ಇನ್ನೊಂದು ವಿಷಯ ಎಣ್ಣೆ. ಜಾರು ಸಲೀಸಾಗಲಿ ಎಂದು ಬೆರಳಿಗೆ ಕೊಬ್ಬರಿ ಎಣ್ಣೆ ಸವರುವ ರೂಢಿ ನಿಮಗಿದ್ದರೆ ಈ ಸಂಗೀತಕ್ಕೆ ಅದು ಬೇಡ. ಎಣ್ಣೆ ಮೆಲ್ಲಗೆ ಕಮಾನು ಓಡುವ ಜಾಗಕ್ಕೂ ತಲುಪುತ್ತದೆ. ಅಲ್ಲಿ ರಾಳ ಹಿಡಿಯುವುದಿಲ್ಲ, ಇ ತಂತಿ ಸಿಳ್ಳೆ ಹಾಕುತ್ತದೆ. ಉದ್ದ ಕಮಾನು ಎಳೆಯುವಾಗ ಈ ದೋಷ ಮುಚ್ಚಿಹೋಗುತ್ತದೆ, ಗಿಡ್ಡ ಗಿಡ್ಡ ಎಳೆತದಲ್ಲಿ ಎದ್ದು ಕಾಣುತ್ತದೆ. ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ.

ವಾದ್ಯವನ್ನು ಪಾದದ ಮೇಲಿಟ್ಟು ಕೂತೇ ನುಡಿಸಿದರೂ ನಾದಕ್ಕೇನೂ ಕೊರತೆಯಿಲ್ಲ. ಮಟ್ಟುಗಳು ಬಹುಪಾಲು ಮೊದಲ ಸ್ಥಾನದಲ್ಲೇ ಮುಗಿಯುತ್ತವೆ, ಕೈ ಮೇಲಕ್ಕೆ ಜಾರಬೇಕಿಲ್ಲ. ತೊಂದರೆ ಬೇರೆ: ಕುಣಿತ ನಡೆಸುವವರ ಸನ್ನೆ ನೆಲದ ಮೇಲೆ ಕೂತವರಿಗೆ ಕಾಣುವುದಿಲ್ಲ.

ತಿಶ್ರನಡೆ:

ತಾಳದ ಗೊಂದಲ ಇಷ್ಟೇ. ಆರು ಎಂಬ ಲೆಕ್ಕ ಎರಡರಲ್ಲೂ ಸರಿ, ಅದನ್ನು ಕತ್ತರಿಸುವ ರೀತಿ ಬೇರೆ.

ಜಿಗ್ 6/8. ಅದು ಮೂರು-ಮೂರು, ಅಂದರೆ ಎರಡೇ ಪೆಟ್ಟು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ತಿಶ್ರ ನಡೆಯ ಆದಿತಾಳ: ತಕಿಟ ತಕಿಟ. ನೀವು ರೂಪಕ ಹಿಡಿದು ಎರಡೆರಡರ ಮೂರು ಜೋಡಿ ಮಾಡುತ್ತಿದ್ದೀರಿ. ಕುಣಿಯುವವರು ಅದೇ ಅವಧಿಯಲ್ಲಿ ಎರಡು ಹೆಜ್ಜೆ ಇಡುತ್ತಾರೆ, ನೀವು ಮೂರು ಒತ್ತು ಕೊಡುತ್ತೀರಿ. ಕಾಲು ತೊಡರದೆ ಏನು ಮಾಡುತ್ತದೆ?

ಹಳೆಯ ಹಾರ್ನ್‌ಪೈಪ್ 3/2. ಅದಕ್ಕೆ ನಿಮ್ಮ ರೂಪಕ ಚೆನ್ನಾಗಿಯೇ ಕೂರುತ್ತದೆ: ತಟ್ಟು, ತಟ್ಟು, ಬೀಸು, ಒಂದೊಂದಕ್ಕೆ ಎರಡೆರಡು ಸ್ವರ. ಕೆಲವು ಮಟ್ಟುಗಳಲ್ಲಿ ಗಿಡ್ಡ-ಉದ್ದ-ಗಿಡ್ಡ ಎಂದು ಬರುತ್ತದೆ. ಉದ್ದದ ಸ್ವರ ಒಂದು ತಟ್ಟಿನ ಅರ್ಧದಲ್ಲಿ ಹುಟ್ಟಿ ಮುಂದಿನದರ ಅರ್ಧದಲ್ಲಿ ಮುಗಿಯುತ್ತದೆ. ಒತ್ತು ಆ ಉದ್ದ ಸ್ವರದ ಹುಟ್ಟಿನ ಮೇಲೆ ಬೀಳಬೇಕು, ತಟ್ಟಿನ ಮೇಲಲ್ಲ. ಪಲ್ಲವಿಯಲ್ಲಿ ಎಡುಪು ತಪ್ಪದವರಿಗೆ ಇದು ಕಷ್ಟವಾಗಬಾರದು. ಹಾರ್ನ್‌ಪೈಪನ್ನು ವೆಲ್ಷ್‌ನಲ್ಲಿ ಪಿಬ್‌ಧೌನ್ಸ್ ಎನ್ನುತ್ತಾರೆ. ಈ ಹೆಸರಿನಡಿಯಲ್ಲೇ ನಾಲ್ಕರ ಲೆಕ್ಕದ, ಕುಂಟುನಡೆಯ ಹೊಸ ಬಗೆಯೂ ಇದೆ, ಮರದ ಬೂಟಿನ ಕುಣಿತಕ್ಕೆ ನುಡಿಸುವಂಥದ್ದು. ಅದರಲ್ಲಿ ಉದ್ದ-ಗಿಡ್ಡದ ಪ್ರಮಾಣ 3:1 ಎಂದು ಬರೆದಿದ್ದರೂ ಕೈಯಲ್ಲಿ 2:1 ಕ್ಕೆ ಹತ್ತಿರವಿರಲಿ. ಬರೆದ ಹಾಗೇ ನುಡಿಸಿದರೆ ಕವಾಯತು ಆಗುತ್ತದೆ.

ಜಿಗ್‌ನ ಕಟ್ಟಡ (ಬಾರು ಎಂದರೆ ಆರು ಅಕ್ಷರದ ಒಂದು ಅಳತೆ): ಎಂಟು ಬಾರಿನ ಮೊದಲ ಭಾಗ ಎರಡು ಸಲ, ಎಂಟು ಬಾರಿನ ಎರಡನೆಯ ಭಾಗ ಎರಡು ಸಲ, ಒಟ್ಟು 32. ಬಾರಿಗೆ ಎರಡು ಪೆಟ್ಟಿನಂತೆ 64, ಆದಿತಾಳದ ಎಂಟು ಆವರ್ತ. ಕುಣಿತಕ್ಕೆ ನಿಮಿಷಕ್ಕೆ 110 ರಿಂದ 116 ಪೆಟ್ಟು ಹಿತ. 116 ರಲ್ಲಿ ಒಂದು ಸುತ್ತಿಗೆ ಸುಮಾರು 33 ಸೆಕೆಂಡು. ಅಭ್ಯಾಸ 70 ರಿಂದ ಶುರುಮಾಡಿ. ಎಂಟು ಸುತ್ತು ಕುಣಿದರೆ ನಾಲ್ಕೂವರೆ ನಿಮಿಷದ ಹತ್ತಿರ ಕೈ ನಿಲ್ಲುವಂತಿಲ್ಲ, ವೇಗವೂ ಏರುವಂತಿಲ್ಲ. ಕಛೇರಿಯವರು ಎಡವುವುದು ಇಲ್ಲೇ: ನಾಲ್ಕನೇ ಸುತ್ತಿಗೆ ಹುರುಪು ಬಂದು 125 ಮುಟ್ಟಿಸುತ್ತಾರೆ. ಅಜ್ಜಿಯರು ಅರ್ಧಕ್ಕೇ ಸಾಲು ಬಿಟ್ಟು ಕುರ್ಚಿಗೆ ಹೋಗುತ್ತಾರೆ.

ಇನ್ನು ಕಮಾನು. ಜಿಗ್‌ನಲ್ಲಿ ಆರು ಸ್ವರಕ್ಕೆ ಆರು ಎಳೆತ ಬಿಡಿಬಿಡಿಯಾಗಿ ಕೊಟ್ಟರೆ ಮೊದಲ ಪೆಟ್ಟು ಇಳಿಕಮಾನಿನಲ್ಲಿ, ಎರಡನೆಯ ಪೆಟ್ಟು ಏರುಕಮಾನಿನಲ್ಲಿ ಬರುತ್ತದೆ. ಏರುಕಮಾನು ಸಹಜವಾಗಿ ಹಗುರ, ಹಾಗಾಗಿ ಬಾರಿಗೊಂದು ಹೆಜ್ಜೆ ಕುಂಟುತ್ತದೆ. ಮೂರರಲ್ಲಿ ಮೊದಲೆರಡನ್ನು ಒಂದೇ ಇಳಿಕಮಾನಿಗೆ ಸೇರಿಸಿ, ಮೂರನೆಯದನ್ನು ಏರಿನಲ್ಲಿ ಬಿಡಿಯಾಗಿ ಕೊಡಿ. ಆಗ ಎರಡೂ ಪೆಟ್ಟು ಇಳಿಕಮಾನಿಗೆ ಸಿಗುತ್ತವೆ. ಇದಕ್ಕೂ ಒಂದು ರೋಗವಿದೆ. ಎರಡು ಸ್ವರದಷ್ಟು ಇಳಿದದ್ದನ್ನು ಒಂದೇ ಸ್ವರದಲ್ಲಿ ಏರಬೇಕಲ್ಲ, ಏರುಕಮಾನು ಓಡಬೇಕಾಗುತ್ತದೆ. ಓಡಿದರೆ ಜೋರಾಗುತ್ತದೆ. ತಕಿಟ ಎನ್ನುವುದರಲ್ಲಿ ಒತ್ತು ‘ತ’ ಬಿಟ್ಟು ‘ಟ’ ಮೇಲೆ ಕೇಳಿಸುತ್ತದೆ. ಏರುವಾಗ ತೋರುಬೆರಳಿನ ಒತ್ತಡ ತೆಗೆದುಬಿಡಿ, ಬರೀ ಕಮಾನಿನ ಭಾರ ಸಾಕು. ಒಟ್ಟು ಓಡಾಟ ಕಮಾನಿನ ನಡುಭಾಗದಿಂದ ತುಸು ತುದಿಯ ಕಡೆಗೆ ಒಂದು ಗೇಣು. ಅದಕ್ಕಿಂತ ಹೆಚ್ಚು ಬಳಸುತ್ತಿದ್ದರೆ ವೇಗದಲ್ಲಿ ಸೋಲುತ್ತೀರಿ.

ಹಳೇಹೊತ್ತಿಗೆ:

ಚರಿತ್ರೆಯ ಪ್ರಶ್ನೆಗೆ ಬರುತ್ತೇನೆ. ಎರಡೂ ಕಡೆಯವರು ಅರ್ಧರ್ಧ ಸರಿ.

ಪಿಟೀಲಿಗೆ ಮೊದಲು ಅಲ್ಲಿ ಕಮಾನಿನ ವಾದ್ಯ ಎಂದರೆ ಕ್ರೂಥ್. ಹಾರ್ಪ್ ಜೊತೆಗೆ ಅದಕ್ಕೂ ದೊರೆಮನೆಯ ಮರ್ಯಾದೆ ಇತ್ತು. ಕೈರ್‌ವಿಸ್ ಎಂಬ ಊರಲ್ಲಿ 1523 ರಲ್ಲೂ, ಮೊದಲನೇ ಎಲಿಜಬೆತ್ ರಾಣಿಯ 1567 ರ ಆಜ್ಞೆಯ ಮೇಲೆ ಇನ್ನೊಮ್ಮೆಯೂ ಐಸ್ತೆದ್ವೊಡ್ (ಕವಿಗಳ, ಸಂಗೀತಗಾರರ ಸ್ಪರ್ಧಾಸಭೆ) ನಡೆಸಿ ಕವಿಗಳಿಗೆ, ಹಾರ್ಪ್‌ನವರಿಗೆ, ಕ್ರೂಥ್‌ನವರಿಗೆ ದರ್ಜೆ ಕೊಟ್ಟರು. ದರ್ಜೆ ಇಲ್ಲದವರು ಊರೂರು ತಿರುಗಿ ಬೇಡುವುದಕ್ಕೆ ತಡೆ ಹಾಕುವುದು ಅದರ ಒಳಉದ್ದೇಶ. ಮೂರೇ ತಂತಿಯ ಕ್ರೂಥ್ ಹಿಡಿದವನು ಕೀಳು ಸಾಲಿನವನು, ಆರು ತಂತಿಯವನಿಗೇ ಗೌರವ. ಆಮೇಲೆ ಜಮೀನ್ದಾರರು ಇಂಗ್ಲಿಷ್ ನಡೆನುಡಿಗೆ ತಿರುಗಿದರು, ಪೋಷಣೆ ತಪ್ಪಿತು.

17ನೇ ಶತಮಾನ ಮುಗಿಯುವ ಹೊತ್ತಿಗೆ ಪಿಟೀಲು ಒಳಗೆ ಬಂದು, ಮುಂದಿನ ನೂರು ವರ್ಷದಲ್ಲಿ ಕ್ರೂಥನ್ನು ನೂಕಿತು. ಕಾರಣ ಕುದುರೆಯಲ್ಲಿದೆ: ಪಿಟೀಲಿನದು ಬಾಗಿದ ಕುದುರೆ, ಒಂದೇ ತಂತಿಯನ್ನು ಬಿಡಿಯಾಗಿ ನುಡಿಸಬಹುದು, ವೇಗದ ಕುಣಿತದ ಮಟ್ಟಿಗೆ ಅದೇ ಬೇಕು. ಏಬ್ರಮ್ ವುಡ್ ಎಂಬ ಜಿಪ್ಸಿ ಪಿಟೀಲನ್ನು ವೇಲ್ಸ್‌ಗೆ ತಂದವನು ಎಂಬ ಮಾತು ಇವತ್ತಿಗೂ ಓಡಾಡುತ್ತದೆ. ಆತ 1799 ರಲ್ಲಿ ತೀರಿಕೊಂಡ, ಅವನ ವಂಶದವರು ಪಿಟೀಲು, ಹಾರ್ಪ್ ಎರಡರಲ್ಲೂ ದೊಡ್ಡ ಹೆಸರು ಮಾಡಿದರು, ಅಷ್ಟು ನಿಜ. ಪಿಟೀಲು ಮಾತ್ರ ಅವನಿಗಿಂತ ಮೊದಲೇ ಅಲ್ಲಿತ್ತು.

ಒಂದು ಪದದ ಬಲೆಗೆ ಬೀಳಬೇಡಿ. ಕ್ರೂಥ್ ನುಡಿಸುವವನಿಗೆ ‘ಕ್ರಿಥೋರ್’ ಎನ್ನುತ್ತಾರೆ. ಕ್ರೂಥ್ ಮರೆಯಾದ ಮೇಲೆ ಅದೇ ಪದ ಪಿಟೀಲಿನವನಿಗೂ ಅಂಟಿಕೊಂಡಿತು. 18ನೇ ಶತಮಾನದ ಕಾಗದದಲ್ಲಿ ಕ್ರಿಥೋರ್ ಎಂದು ಕಂಡಕೂಡಲೇ ಕ್ರೂಥ್ ಎಂದು ಬರೆದುಕೊಳ್ಳಬೇಡಿ.

ಪಿಟೀಲಿನ ಸುಗ್ಗಿ ಎಂದರೆ 18ನೇ ಶತಮಾನ. ಊರಿನ ಸಂತನ ಹೆಸರಲ್ಲಿ ನಡೆಯುತ್ತಿದ್ದ ಗ್ವಿಲ್ ಮಾಬ್ಸಾಂಟ್ ಜಾತ್ರೆ, ಗಾಡಿಯ ಮೇಲೆ ಆಡುವ ಆಂಟರ್ಲಿಯೂಟ್ ಆಟ, ಎರಡಕ್ಕೂ ಪಿಟೀಲಿನವನು ಬೇಕೇ ಬೇಕು. ಆ ಕಾಲದ ದೊಡ್ಡ ಸಾಕ್ಷಿ ಜಾನ್ ಥಾಮಸ್ ಎಂಬ ಪಿಟೀಲುಗಾರ 1752 ರಲ್ಲಿ ಬರೆದಿಟ್ಟ ಕೈಬರಹ. ಅದರಲ್ಲಿ 526 ಮಟ್ಟುಗಳಿವೆ. ಅಬೆರಿಸ್ಟ್‌ವಿತ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ, ಜೆ. ಲಾಯ್ಡ್ ವಿಲಿಯಮ್ಸ್ ಸಂಗ್ರಹದೊಳಗೆ ಇದೆ. ಕಾಸ್ ಮೈರಿಗ್ ಸಂಪಾದಿಸಿದ ಮುದ್ರಿತ ಆವೃತ್ತಿ 2004 ರಲ್ಲಿ ಬಂತು. ತಿಶ್ರನಡೆಯವರು ಹೇಳಿದ 3/2 ಹಾರ್ನ್‌ಪೈಪ್‌ಗಳು ಬೇಕಾದರೆ ಅಲ್ಲಿಗೇ ಹೋಗಿ. ಅದರಲ್ಲಿ ಇಂಗ್ಲೆಂಡಿನ ಮಟ್ಟುಗಳೂ ಧಾರಾಳವಾಗಿವೆ. ಜನ ಕೇಳಿದ್ದನ್ನು ನುಡಿಸಿ ಹೊಟ್ಟೆ ಹೊರೆಯುವವನ ಪುಸ್ತಕ ಅದು. ಶುದ್ಧ ವೇಲ್ಸ್ ಎಂಬ ಜರಡಿ ಹಿಡಿದು ಕೂತವರಿಗೆ ನಿರಾಸೆಯೇ.

ಚಾಪೆಲ್ ವಿಷಯ ಸುಳ್ಳಲ್ಲ. 1735 ರ ಸುಮಾರಿಗೆ ಎದ್ದ ಮೆಥಡಿಸ್ಟ್ ಚಳವಳಿ ಕುಣಿತ, ಜಾತ್ರೆ, ಪಿಟೀಲು ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಪಾಪವೆಂದಿತು. ಹಾರ್ಪ್ ವಿದ್ವಾಂಸ ಎಡ್ವರ್ಡ್ ಜೋನ್ಸ್ 1802 ರಲ್ಲೇ ಇದನ್ನು ಬರೆದು ಮರುಗಿದ. ಒಂದೇ ದಿನಕ್ಕೆ ಯಾರೂ ಅಳಿಸಲಿಲ್ಲ, ಜಾತ್ರೆ ನಿಂತಂತೆ ಕೆಲಸ ನಿಂತಿತು. ಹಾರ್ಪ್‌ಗೆ ‘ರಾಷ್ಟ್ರವಾದ್ಯ’ ಎಂಬ ಮಾನವಿದ್ದುದರಿಂದ ಲೇಡಿ ಲನೋವರ್‌ಳಂಥವರು ಕಾಪಾಡಿದರು. ಮೂರು ಸಾಲು ತಂತಿಯ ಹಾರ್ಪ್ 20ನೇ ಶತಮಾನದಲ್ಲಿ ನ್ಯಾನ್ಸಿ ರಿಚರ್ಡ್ಸ್‌ವರೆಗೆ (1888–1979) ಕೈಯಿಂದ ಕೈಗೆ ಬಂತು. ಪಿಟೀಲಿಗೆ ಆ ಭಾಗ್ಯ ಇರಲಿಲ್ಲ. ಅಲ್ಲಲ್ಲಿ ಒಬ್ಬೊಬ್ಬರು ನುಡಿಸುತ್ತಿದ್ದರು, ಆದರೆ ಗುರುಪರಂಪರೆ ಎನ್ನಬಹುದಾದ ಎಳೆ ತುಂಡಾಯಿತು. 1949 ರಲ್ಲಿ ಜನಪದ ನೃತ್ಯ ಸಂಘ ಹುಟ್ಟಿದ ಮೇಲೆ, 1976 ರಲ್ಲಿ ಆರ್ ಲೋಗ್ ಎಂಬ ಜನಪದ ಸಂಗೀತ ತಂಡ ಶುರುವಾದ ಮೇಲೆ, ಈಗ ಕೇಳುವ ಶೈಲಿಯನ್ನು ಕೈಬರಹಗಳಿಂದ, ಹಾರ್ಪ್‌ನಿಂದ, ಕುಣಿತದಿಂದ ಮತ್ತೆ ಕಟ್ಟಿದರು.

ಹಾಗಾಗಿ ಮಟ್ಟುಗಳು ಹಳೆಯವು, ನುಡಿಸುವ ರೀತಿ ಹೊಸದು. ಇದನ್ನು ಒಪ್ಪಿಕೊಂಡರೆ ಐರ್ಲೆಂಡಿನದೋ ಎಂಬ ಪ್ರಶ್ನೆಗೂ ದಾರಿ ಸಿಗುತ್ತದೆ. ಮಟ್ಟು ಅಲ್ಲಿಂದ ಬಂದದ್ದಲ್ಲ. ಐರ್ಲೆಂಡಿನ ಧ್ವನಿಮುದ್ರಿಕೆ ಕೇಳಿ ಬೆಳೆದ ಕೈಯಿಂದ ಅಲಂಕಾರ ಮಾತ್ರ ಅಲ್ಲಿಯದು ಬಂದುಬಿಡುತ್ತದೆ.

ಕಾವೇರಿತೀರ:

ತುಂಬಾ ಉಪಕಾರವಾಯಿತು. ಜಿಗ್‌ಗೆ ತಕಿಟ ಹಿಡಿದು ನೋಡಿದೆ, ಸೇರುತ್ತಿದೆ. ಇನ್ನೆರಡು ಸಂಶಯ. ಅಲಂಕಾರ ಐರ್ಲೆಂಡಿನದು ಬೇಡವೆಂದರೆ ಏನು ಹಾಕಬೇಕು? ಗಮಕ ಹಾಕಿದರೆ ಆಭಾಸವೇ? ಮತ್ತೆ ಸೇಂಟ್ ಫೇಗನ್ಸ್ ಮ್ಯೂಸಿಯಂನಲ್ಲಿ ಇಟ್ಟಿರುವ ಕ್ರೂಥ್‌ನಲ್ಲಿ ಜೋಡಿ ತಂತಿ ಕಂಡಾಗ ಪಿಟೀಲು ಚೌಡಯ್ಯನವರ ಏಳು ತಂತಿ ನೆನಪಾಯಿತು. ಎರಡಕ್ಕೂ ಏನಾದರೂ ಹೋಲಿಕೆ?

ತಿಶ್ರನಡೆ:

ಗಮಕ ಬೇಡ. ಜಾರಿ ಬಂದ ಗಾಂಧಾರದ ಮೇಲೆ ಹೆಜ್ಜೆ ಇಡಲಾಗುವುದಿಲ್ಲ, ಸ್ವರದ ಹುಟ್ಟು ಚೂಪಾಗಿರಬೇಕು. ಬೆರಳು ಮೇಲಿಂದ ಸುತ್ತಿಗೆಯ ಹಾಗೆ ಬೀಳಲಿ. ಉದ್ದ ಸ್ವರವಿದ್ದಲ್ಲಿ ಮೇಲಿನ ಸ್ವರ ಮುಟ್ಟಿ ಬರುವ ಒಂದು ಗಿಡ್ಡ ನಡುಕ, ಭಾಗ ಮುಗಿಯುವಲ್ಲಿ ಇನ್ನೊಂದು. ಪಕ್ಕದ ಖಾಲಿ ತಂತಿಯನ್ನು ಜೊತೆಗೆ ಮೊಳಗಿಸುವುದು ಇವೆರಡಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಎರಡನೇ ಸುತ್ತಿನಲ್ಲಿ ಹಾರ್ಪ್‌ನವರ ಹಾಗೆ ಸ್ವರಗಳನ್ನು ಒಡೆದು ತುಂಬಬಹುದು: ಸ-ಗ-ಪ ಎಂದು ನೆಗೆಯುವಲ್ಲಿ ನಡುವಿನ ರಿ, ಮ ಸೇರಿಸಿ ಓಡಿಸುವುದು. ಚೌಕಟ್ಟಿನ ಸ್ವರ ಮಾತ್ರ ಪೆಟ್ಟಿನ ಮೇಲೇ ಉಳಿಯಬೇಕು.

ಹಳೇಹೊತ್ತಿಗೆ:

ಇಲ್ಲಿ ಒಂದು ತಕರಾರು. ಪಕ್ಕದ ತಂತಿ ಮೊಳಗಿಸುವುದು ವೇಲ್ಸ್‌ನ ಗುರುತು ಎಂಬಂತೆ ಈಗ ಎಲ್ಲರೂ ಹೇಳುತ್ತಾರೆ. ಕಮಾನು ಹೇಗೆ ಎಳೆಯಬೇಕು, ಯಾವ ತಂತಿ ಜೊತೆಗಿರಬೇಕು ಎಂದು ಹಳೆಯ ಪಿಟೀಲು ಪುಸ್ತಕಗಳು ಹೇಳುವುದಿಲ್ಲ, ಬರೀ ಮಟ್ಟು ಬರೆದಿರುತ್ತವೆ. ಚೆನ್ನಾಗಿ ಕೇಳುತ್ತದೆ ಎಂದು ನುಡಿಸಿ, ಪುರಾತನ ಎಂದು ನುಡಿಸಬೇಡಿ.

ನಾರುತಂತಿ:

ಕ್ರೂಥ್ ಬಗ್ಗೆ ನಾನು ಹೇಳುತ್ತೇನೆ. ನೀವು ಹೇಳುತ್ತಿರುವುದು ಫೊಯ್ಲಾಸ್ ಕ್ರೂಥ್ ಇರಬೇಕು. 1742 ರಲ್ಲಿ ರಿಚರ್ಡ್ ಎವಾನ್ಸ್ ಮಾಡಿದ್ದು ಎಂದು ಅದರಲ್ಲೇ ಬರೆದಿದೆ.

ಚೌಡಯ್ಯನವರು (1895–1967) ಮೂರು ತಂತಿ ಹೆಚ್ಚಿಸಿದ್ದು ಮೈಕ್ ಇಲ್ಲದ ಸಭೆಯಲ್ಲಿ ನಾದ ದೊಡ್ಡದಾಗಲಿ ಎಂದು. ವಾದ್ಯ ಪಿಟೀಲೇ, ಕುದುರೆ ಬಾಗಿದ್ದೇ. ಕ್ರೂಥ್ ಬೇರೆ ಪ್ರಾಣಿ. ಸುಮಾರು 22 ಇಂಚು ಉದ್ದ, ಆಯತಾಕಾರ. ಒಡಲೂ ಎರಡು ತೋಳೂ ಒಂದೇ ಮರದ ತುಂಡಿನಿಂದ ಕೊರೆದದ್ದು, ಮೇಲಿನ ಹಲಗೆ ಮಾತ್ರ ಬೇರೆ. ಆರು ತಂತಿ, 18ನೇ ಶತಮಾನದ ಬರಹದಲ್ಲಿ ಸಿಗುವ ಶ್ರುತಿ ಜಿ-ಜಿ, ಸಿ-ಸಿ, ಡಿ-ಡಿ. ಪ್ರತಿ ಜೋಡಿಯಲ್ಲೂ ಒಂದು ಮೇಲಿನ ಸ್ಥಾಯಿ, ಒಂದು ಕೆಳಗಿನದು. ಸಿ ಯನ್ನು ಷಡ್ಜ ಎಂದುಕೊಂಡರೆ ಪ-ಪ, ಸ-ಸ, ರಿ-ರಿ. ಜಿ ಜೋಡಿ ಬೆರಳುಪಟ್ಟಿಯ ಹೊರಗಿದೆ, ಎಡಗೈ ಹೆಬ್ಬೆರಳಿಂದ ಮೀಟಬಹುದು ಅಥವಾ ಕಮಾನಿಗೆ ಸಿಕ್ಕಿಸಿ ಮೊಳಗಿಸಬಹುದು.

ಕುದುರೆ ಚಪ್ಪಟೆ, ಆದ್ದರಿಂದ ಕಮಾನು ಇಟ್ಟರೆ ಒಂದೇ ತಂತಿ ಎಂಬ ಮಾತೇ ಇಲ್ಲ, ಸಾಲಿಗೆ ಸಾಲೇ ನುಡಿಯುತ್ತದೆ. ಕುದುರೆಯ ಒಂದು ಕಾಲು ಹಲಗೆಯ ಮೇಲೆ ನಿಲ್ಲುತ್ತದೆ. ಇನ್ನೊಂದು ಉದ್ದ ಕಾಲು ನಾದರಂಧ್ರದೊಳಗೆ ಇಳಿದು ಹಿಂಬದಿಯ ಹಲಗೆಗೆ ಊರುತ್ತದೆ, ಪಿಟೀಲಿನ ಒಳಗಿನ ಕಡ್ಡಿಯ ಕೆಲಸವನ್ನು ಅದೇ ಮಾಡುತ್ತದೆ. ಹೊಸದಾಗಿ ಮಾಡಿಸುವವರು ಕೆಡುವುದು ಇಲ್ಲಿ. ಉದ್ದ ಕಾಲು ತುಸು ಗಿಡ್ಡವಾದರೆ ಹಿಂಬದಿಗೆ ಮುಟ್ಟದೆ ನಾದ ಮಂಕು, ಭಾರವೆಲ್ಲ ಮೇಲಿನ ಹಲಗೆಗೆ. ತುಸು ಉದ್ದವಾದರೆ ಇನ್ನೊಂದು ಕಾಲು ಎದ್ದು ಗುಂಯ್ ಎನ್ನುತ್ತದೆ. ತಂತಿ ಬಿಗಿದ ಮೇಲೆ ಹಲಗೆ ಸ್ವಲ್ಪ ಕುಸಿಯುತ್ತದೆ, ಅದಕ್ಕೇ ಕಾಲನ್ನು ಮೊದಲು ಉದ್ದವಾಗಿಯೇ ಬಿಟ್ಟು, ಎರಡು ಮೂರು ದಿನ ಕೂತ ಮೇಲೆ ಕಾಗದದಷ್ಟು ಕಾಗದದಷ್ಟೇ ಉಜ್ಜುತ್ತ ಬರಬೇಕು.

ಸ ಮತ್ತು ರಿ ಒಟ್ಟಿಗೇ ಮೊಳಗಿದರೆ ಕಿವಿಗೆ ಕಚ್ಚುತ್ತದಲ್ಲ ಎನ್ನಬಹುದು. ಹಳೆಯ ವೆಲ್ಷ್ ತಂತಿಸಂಗೀತದ ಲೆಕ್ಕವೇ ಎರಡು ಸ್ವರಗುಂಪುಗಳ ಅದಲುಬದಲು. ಒಂದು ನೆಲೆಯ ಗುಂಪು, ಇನ್ನೊಂದು ಎಳೆತದ ಗುಂಪು. ಇದನ್ನು 1 ಮತ್ತು 0 ಎಂದು ಬರೆಯುತ್ತಾರೆ. ಇಂಥ ಮಾತ್ರಾಬಂಧಗಳು 24. ಕೊರ್ಫಿನಿಯುರ್ ಎಂಬುದು 1100 1011 1100 1011. ಮಾಕ್ ಉ ಮೂನ್ ಹೀರ್ ಎಂಬುದು 1111 0000 1010 1111 0000 1011. 1613 ರ ಸುಮಾರಿಗೆ ರಾಬರ್ಟ್ ಆಪ್ ಹ್ಯೂ ನಕಲು ಮಾಡಿಟ್ಟ ಹಾರ್ಪ್ ಕೈಬರಹದಿಂದ ಈ ಬಂಧಗಳು ನಾದವಾಗಿ ಹೇಗಿದ್ದವೆಂದು ಊಹಿಸಬಹುದು. ಕ್ರೂಥ್‌ಗೆಂದೇ ಬರೆದಿಟ್ಟ ಅಂಥ ಪುಸ್ತಕವಿಲ್ಲ. ಡೇನ್ಸ್ ಬ್ಯಾರಿಂಗ್ಟನ್ 1770 ರಲ್ಲಿ ವರದಿ ಮಾಡಿದಾಗ ಆಂಗಲ್ಸೀ ದ್ವೀಪದ ನ್ಯೂಬರೋದಲ್ಲಿ ಜಾನ್ ಮಾರ್ಗನ್ ಎಂಬ 59 ವರ್ಷದ ಒಬ್ಬರನ್ನು ಬಿಟ್ಟರೆ ನುಡಿಸುವವರು ಅವರಿಗೆ ಸಿಗಲಿಲ್ಲ.

ಪಿಟೀಲಿನಲ್ಲೇ ಇದರ ರುಚಿ ನೋಡಬೇಕೆಂದರೆ, ಭಟ್ಟರು ಏರಿಸಿ ಎಂದ ತಂತಿಗಳನ್ನು ಒಂದು ದಿನ ಏರಿಸದೆ ನಿಮ್ಮ ಜಿ-ಡಿ-ಜಿ-ಡಿ ಯಲ್ಲೇ ಬಿಡಿ. ನಡುವಿನ ಡಿ-ಜಿ ಎರಡನ್ನೂ ಒಂದೇ ಕಮಾನಿನಲ್ಲಿ ಹಿಡಿದು 1 ಕ್ಕೆ ಡಿ ತಂತಿಯ ಮೇಲೆ ಮೂರನೇ ಬೆರಳು, ಅಂದರೆ ಜಿ. 0 ಗೆ ಜಿ ತಂತಿಯ ಮೇಲೆ ಒಂದನೇ ಬೆರಳು, ಡಿ ಖಾಲಿ. 1100 1011 ನಿಧಾನವಾಗಿ ಎಳೆಯಿರಿ, ಅಕ್ಷರಕ್ಕೊಂದು ಕಮಾನು.

ಬಿರಡೆಭಟ್ಟ:

ಎಳೆಯಿರಿ, ಆದರೆ ಮಾರನೇ ದಿನ ಟುಂಪಾಥ್ ಇದ್ದರೆ ರಾತ್ರಿಯೇ ಏರಿಸಿಡಿ. ಏರಿಸಿದ ತಂತಿ ಒಂದು ರಾತ್ರಿ ಕೂರದಿದ್ದರೆ ಎರಡನೇ ಕುಣಿತಕ್ಕೇ ಎ ತಂತಿ ಇಳಿದಿರುತ್ತದೆ, ನಡುವೆ ನಿಲ್ಲಿಸಿ ಬಿರಡೆ ತಿರುಗಿಸಲು ಯಾರೂ ಬಿಡುವುದಿಲ್ಲ.